ಮಣ್ಣು ಬೆರೆಸಿದ ಚಂದ್ರಿಕೆ

ಪ್ಲಾಸ್ಟಿಕ್ಕಿಗೆ ಜೇಡಿಮಣ್ಣು ಬೆರೆಸುವುದು ನನ್ನ ಕೆಲಸ ಅಂದರೆ ಕೇಳಿದವರ ಬಾಯಿಂದ ಬರುವ ಮೊದಲ ಮಾತು ಒಂದೇ: "ಕಲಬೆರಕೆನಾ?" ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ. ನೆಲಮಂಗಲದ ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ಕೇಳಿದ್ದಾಳೆ. ನನ್ನ ಹಲ್ಲು ಕೀಳುತ್ತಿದ್ದ ಡಾಕ್ಟರು ಕೂಡ ಕೇಳಿದರು, ಅದೂ ನಾನು ಬಾಯಿ ಬಿಟ್ಟುಕೊಂಡು ಉತ್ತರ ಕೊಡಲಾಗದ ಹೊತ್ತಿನಲ್ಲಿ. ಹಾಲಿಗೆ ನೀರು ಹಾಕಿದರೆ ಕಲಬೆರಕೆ, ಒಪ್ಪುತ್ತೇನೆ. ನಮ್ಮದು ಹಾಗಲ್ಲ ಸ್ವಾಮಿ. ನೂರು ಪಾಲಿಗೆ ಮೂರೋ ನಾಲ್ಕೋ ಪಾಲು ಮಣ್ಣು, ಅಷ್ಟೇ. ಸರಿಯಾಗಿ ಬೆರೆತರೆ ಮೆತ್ತಗಿದ್ದ ಪ್ಲಾಸ್ಟಿಕ್ಕು ಬಿಗಿಯಾಗುತ್ತದೆ, ಬಿಸಿಲಿಗೆ ಬಾಗುವುದಿಲ್ಲ, ತೂಕವೂ ಹೆಚ್ಚುವುದಿಲ್ಲ. ಸರಿಯಾಗಿ ಬೆರೆಯದಿದ್ದರೆ ಮಾತ್ರ ಅದು ಕಲಬೆರಕೆಗಿಂತ ಕಡೆ.

ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಅಲ್ಲಿ ಪ್ಲಾಸ್ಟಿಕ್ ಕಾಳುಗಳನ್ನು ಕರಗಿಸಿ, ಅದಕ್ಕೆ ಬೇಕಾದ್ದು ಸೇರಿಸಿ, ಮತ್ತೆ ಕಾಳು ಮಾಡಿ ಬೇರೆ ಕಾರ್ಖಾನೆಗಳಿಗೆ ಕಳಿಸುತ್ತೇವೆ. ಈ ಕಾಳಿಗೆ ನಮ್ಮಲ್ಲಿ ಎಲ್ಲರೂ ದಾನಾ ಅನ್ನುತ್ತಾರೆ. ನಾನು ಲ್ಯಾಬಿನವಳು. ದಾನಾದಿಂದ ಪಟ್ಟಿ ಮಾಡಿ, ಎಳೆದು, ಬಗ್ಗಿಸಿ, ಸುತ್ತಿಗೆಯಲ್ಲಿ ಹೊಡೆದು ಮುರಿಯುವುದು ನನ್ನ ಪಾಲಿನ ಕೆಲಸ. ಸಿಟ್ಟು ಜಾಸ್ತಿ ಇರುವವರಿಗೆ ಹೇಳಿಮಾಡಿಸಿದ ನೌಕರಿ ಅಂತ ಕಾರ್ಖಾನೆಯ ಯಜಮಾನರು ತಮಾಷೆ ಮಾಡುತ್ತಾರೆ. ಸುಳ್ಳೇನಲ್ಲ. ಸಿಟ್ಟು ಬಂದರೆ ನನಗೆ ಹಿಂದುಮುಂದು ಕಾಣುವುದಿಲ್ಲ.

ಈ ಜೇಡಿಮಣ್ಣಿನ ಹುಚ್ಚು ನನಗೆ ಹಿಡಿದದ್ದು ಅತ್ತಿಗೆಯಿಂದ. ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ಅವಳು ನಮ್ಮ ಮನೆ ಸೇರಿದಾಗ ನಾನು ಏಳು ವರ್ಷದವಳು. ನನ್ನ ತಲೆ ಬಾಚಿ ಎರಡು ಜಡೆ ಹಾಕಿ, ಕೊನೆಗೆ ಒಂದು ಮೊಟಕು ಕೊಟ್ಟು ಶಾಲೆಗೆ ಓಡಿಸುತ್ತಿದ್ದವಳು ಅವಳೇ. ಅದಕ್ಕೇ ಅವಳಿಗೆ ನಾನು ಬಹುವಚನ ಕೊಟ್ಟು ಮಾತಾಡಿದ್ದೇ ಇಲ್ಲ. ದೇವನಹಳ್ಳಿ ಕಡೆಯ ನಮ್ಮೂರಲ್ಲಿ ಮೂವತ್ತು ವರ್ಷದಿಂದ ರೇಷ್ಮೆಹುಳ ಸಾಕುತ್ತಿದ್ದಾಳೆ. ಹಿಪ್ಪುನೇರಳೆ ತೋಟ ಅಣ್ಣನ ಹೆಸರಲ್ಲಿದೆ, ಹುಳದ ಮನೆ ಮಾತ್ರ ಅತ್ತಿಗೆಯ ರಾಜ್ಯ. ಅಲ್ಲಿಗೆ ಹೋಗಬೇಕಾದರೆ ಚಪ್ಪಲಿ ಆಚೆ, ತಲೆಯ ಮಲ್ಲಿಗೆ ಆಚೆ, ಕೈಕಾಲು ಸುಣ್ಣದ ನೀರಲ್ಲಿ. ಬೀಡಿ ಸೇದಿ ಬಂದರೆ ಅಣ್ಣನಿಗೂ ಪ್ರವೇಶವಿಲ್ಲ. "ತಲೆ ಮ್ಯಾಲೆ ಇಮಾನ ಹೋದ್ರೂ ನನ್ ಹುಳ ಕ್ಯಾರೆ ಅನ್ನಲ್ಲ, ನೀನು ಪೌಡ್ರು ಬಳ್ಕಂಡ್ ಬಂದ್ರೆ ಊಟ ಬಿಡ್ತವೆ" ಅಂತ ನನ್ನನ್ನು ಎಷ್ಟು ಸಲ ಬಾಗಿಲಲ್ಲೇ ತಡೆದಿದ್ದಾಳೋ.

ಹುಳ ಸೊಪ್ಪು ತಿಂದು ತಿಂದು ಕೊನೆಗೆ ಹಣ್ಣಾಗುತ್ತದೆ, ಅಂದರೆ ಮೈ ಹಳದಿ ತಿರುಗಿ ಸೊಪ್ಪು ಬಿಟ್ಟು ತಲೆ ಎತ್ತುತ್ತದೆ. ಆಗ ಅದನ್ನು ಗೂಡು ಕಟ್ಟಲು ಚಂದ್ರಿಕೆಯ ಮೇಲೆ ಬಿಡಬೇಕು. ಹಿಂದೆಲ್ಲ ಬಿದಿರಿನ ಚಂದ್ರಿಕೆ, ಬಾಗಿಲಿನಷ್ಟು ದೊಡ್ಡದು, ಎತ್ತಿ ನಿಲ್ಲಿಸಲು ಇಬ್ಬರು ಬೇಕು. ಮೂರು ವರ್ಷದ ಹಿಂದೆ ಅತ್ತಿಗೆಯ ಬಲಭುಜ ಹಿಡಿದುಕೊಂಡಿತು. ಕೈ ಕಿವಿಯ ಮಟ್ಟಕ್ಕೆ ಬಂದರೆ ಜೀವ ಹೋಗುವಷ್ಟು ನೋವು. ಡಾಕ್ಟರು, ಎಣ್ಣೆ, ಶಾಖ, ಎಲ್ಲಾ ಆಯಿತು. ಕೊನೆಗೆ ಬಿದಿರಿನದು ಮಾರಿ ಪ್ಲಾಸ್ಟಿಕ್ಕಿನದು ತಂದಳು. ಅಲೆಅಲೆಯಾಗಿ ಮಡಿಕೆಯಿರುವ ಹಗುರವಾದ ಹಾಸು ಅದು. ಒಂದು ಮಡಿಕೆಯ ಸಂದಿನಲ್ಲಿ ಒಂದು ಹುಳ ಕೂತು ಒಂದು ಗೂಡು ಕಟ್ಟಬೇಕು, ಲೆಕ್ಕ ಅಷ್ಟೇ.

ಆದರೆ ಆ ಹುಳದ ಮನೆಗೆ ಶೀಟಿನ ಮಾಡು. ಹೋದ ವರ್ಷ ಬೇಸಿಗೆಯ ಬೆಳೆಯಲ್ಲಿ ಕಾವಿಗೆ ಆ ಪ್ಲಾಸ್ಟಿಕ್ಕು ಸೋತು ಜೋತುಬಿತ್ತು. ಮಡಿಕೆಗಳು ಚಪ್ಪಟೆಯಾದವು. ಎರಡೆರಡು ಹುಳ ಒಂದೇ ಸಂದಿಗೆ ಜಾರಿ ಜೋಡಿ ಗೂಡು ಕಟ್ಟಿದವು. ಜೋಡಿ ಗೂಡಿನಲ್ಲಿ ಎಳೆ ಸಿಕ್ಕುಬೀಳುತ್ತದೆ, ನೂಲು ಬಿಚ್ಚುವವರು ಮುಟ್ಟುವುದಿಲ್ಲ. ಮೇಲಿನ ಹುಳ ಗೂಡು ಕಟ್ಟುವ ಮೊದಲು ಬಿಟ್ಟ ನೀರು ಕೆಳಗಿನ ಗೂಡಿಗೆ ಸೋರಿ ಕಲೆಯಾಯಿತು. ನಾನು ಭಾನುವಾರ ಹೋದಾಗ ಅತ್ತಿಗೆ ಜಗಲಿಯಲ್ಲಿ ಕೂತು ಕೆಟ್ಟ ಗೂಡುಗಳನ್ನು ಆರಿಸಿ ಮಂಕರಿಗೆ ಎಸೆಯುತ್ತಿದ್ದಳು. ಮೂವತ್ತು ವರ್ಷದಲ್ಲಿ ಅವಳ ಬೆಳೆ ಹೀಗೆ ಕೆಟ್ಟದ್ದು ನಾನು ನೋಡಿರಲಿಲ್ಲ.

"ಬಿದ್ರುದು ಎತ್ತಕ್ಕಾಗಲ್ಲ, ಪ್ಲಾಸ್ಟಿಕ್ಕು ನಿಲ್ಲಲ್ಲ," ಅಂದಳು. "ಮುಂದಿನ್ ಬ್ಯಾಸ್ಗೆಗೂ ಇಂಗೇ ಆದ್ರೆ ಸಾಕು ಕಣೇ. ಸೊಪ್ಪಿನ ತೋಟ ಕಿತ್ತಾಕ್ಸಿ ನಿಮ್ಮಣ್ಣ ಏನಾರ ಮಾಡ್ಕಳ್ಲಿ."

"ಆಮೇಲೆ ನೀನೇನ್ ಮಾಡ್ತೀಯ?"

"ಅದೇ ನಂಗೂ ತಿಳೀತಿಲ್ಲ. ಟೀವಿ ಮುಂದೆ ಕೂತ್ಕಂಡ್ರೆ ನಂಗೆ ಕೈ ಎಲ್ಲಿಡ್ಬೇಕು ಅಂತ್ಲೇ ಗೊತ್ತಾಗಲ್ಲ."

ಅವಳು ಹಾಗಂದದ್ದು ನನಗೆ ಕೇಳಲಾಗಲಿಲ್ಲ. ಹಾಗಾದಾಗ ನಾನು ಬಡಾಯಿ ಕೊಚ್ಚುವುದು ಹಳೆಯ ಚಾಳಿ. "ಪ್ಲಾಸ್ಟಿಕ್ಕು ನಿಲ್ಲಲ್ಲ ಅಂತ ಪ್ಲಾಸ್ಟಿಕ್ಕಿನವಳ ಮುಂದೆ ಹೇಳ್ತೀಯಾ? ನಿಲ್ಲೋ ಹಂಗೆ ನಾನ್ ಮಾಡ್ಕೊಡ್ತೀನಿ ತಗೋ" ಅಂದೆ. ಅತ್ತಿಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾಡು, ನೋಡಾಣ" ಅಂದಳು.

ಕಾರ್ಖಾನೆಯಲ್ಲಿ ಯಾರೋ ಗಿರಾಕಿಗೆಂದು ತರಿಸಿ ಉಳಿದ ಜೇಡಿಪುಡಿಯ ಒಂದು ಚೀಲ ಇತ್ತು. ಯಜಮಾನರನ್ನು ಕೇಳಿದೆ. "ತಗೊಳ್ಳಮ್ಮ, ಮೂಲೇಲಿ ಕೂತು ಏನ್ ಮಾಡುತ್ತೆ ಅದು. ಚೆನ್ನಾಗಿ ಬಂದ್ರೆ ನಾವೇ ಮಾರೋಣ" ಅಂದರು. ಈ ಪುಡಿಯ ಒಂದೊಂದು ಕಣವೂ ವೀಳ್ಯದೆಲೆಯ ಕಟ್ಟಿನಂತೆ ಹಾಳೆ ಹಾಳೆ ಅಂಟಿಕೊಂಡಿರುವ ಕಟ್ಟು. ಹಾಳೆ ಎಷ್ಟು ತೆಳು ಅಂದರೆ ಕಣ್ಣಿಗಿರಲಿ, ನಮ್ಮ ಲ್ಯಾಬಿನ ಸೂಕ್ಷ್ಮದರ್ಶಕಕ್ಕೂ ಸಿಕ್ಕುವುದಿಲ್ಲ. ಇದನ್ನು ನ್ಯಾನೋ ಜೇಡಿ ಅನ್ನುವುದು ಅದಕ್ಕೇ. ಕಟ್ಟು ಬಿಚ್ಚಿ ಹಾಳೆ ಹಾಳೆಯೂ ಕರಗಿದ ಪ್ಲಾಸ್ಟಿಕ್ಕಿನೊಳಗೆ ಹರಡಿಕೊಂಡರೆ ಮಾತ್ರ ಬಿಗಿ ಬರುತ್ತದೆ. ಮಣ್ಣಿಗೂ ಪ್ಲಾಸ್ಟಿಕ್ಕಿಗೂ ಹುಟ್ಟಾ ಎಣ್ಣೆ ಸೀಗೇಕಾಯಿ ಸಂಬಂಧ. ಹೊಂದಿಕೊಳ್ಳಲಿ ಅಂತ ಪುಡಿ ಮಾಡುವವರೇ ಆ ಹಾಳೆಗಳಿಗೆ ಒಂದು ರಾಸಾಯನಿಕ ಸವರಿ ಕಳಿಸುತ್ತಾರೆ. ಮುಂದೆ ನನ್ನ ಮಾನ ತೆಗೆದದ್ದು ಈ ಸವರಿದ ಪದಾರ್ಥವೇ.

ನಮ್ಮ ದೊಡ್ಡ ಮಿಶ್ರಣದ ಯಂತ್ರ ನಡೆಸುವವರು ಚಾಚಾ. ದೊಡ್ಡಬಳ್ಳಾಪುರದವರೇ, ನನಗಿಂತ ಹತ್ತು ವರ್ಷ ಹಿರಿಯರು, ಯಂತ್ರದ ಸದ್ದು ಕೇಳಿಯೇ ಒಳಗೆ ಏನಾಗುತ್ತಿದೆ ಅಂತ ಹೇಳಬಲ್ಲವರು. ನನ್ನನ್ನು ಬೇಟಿ ಅನ್ನುತ್ತಾರೆ, ನನ್ನ ಮಾತು ಮಾತ್ರ ಕೇಳುವುದಿಲ್ಲ. ಮೊದಲನೇ ಸಲ ದಾನಾಕ್ಕೆ ಪುಡಿ ಅಂಟಲಿ ಅಂತ ಒಂದು ಲೋಟ ಎಣ್ಣೆ ಹಾಕಿ ಕಲಸಿಬಿಟ್ಟರು. ಬಣ್ಣದ ಪುಡಿಗೆ ಮೂವತ್ತು ವರ್ಷದಿಂದ ಹಾಗೇ ಮಾಡುತ್ತಾ ಬಂದ ಕೈ ಅದು. ಎಣ್ಣೆಗೆ ಎಲ್ಲಾ ಜಾರಿಕೊಂಡು ಹೋಗಿ, ಮಣ್ಣು ಅರೆಯಲೇ ಇಲ್ಲ. ಪಟ್ಟಿ ಮಾಡಿ ನೋಡಿದರೆ ಒಳಗೆಲ್ಲ ಗಂಟು. ಬಗ್ಗಿಸಿದರೆ ಹಪ್ಪಳದ ಹಾಗೆ ಮುರಿಯಿತು.

"ಚಾಚಾ, ಎಣ್ಣೆ ಹಾಕಿ ಅಂತ ಯಾರ್ ಹೇಳಿದ್ದು ನಿಮ್ಗೆ?" ಅಂತ ಎಲ್ಲರ ಮುಂದೆ ಕೂಗಾಡಿದೆ.

"ಅರೆ ಬೇಟಿ, ಹಾಕ್ಬೇಡಿ ಅಂತಾನೂ ಯಾರೂ ಹೇಳ್ಲಿಲ್ಲವಲ್ಲ," ಅಂದರು ಚಾಚಾ ತಣ್ಣಗೆ.

ಎರಡು ದಿನ ನಾವು ಮಾತು ಬಿಟ್ಟೆವು. ಮೂರನೇ ದಿನ ಅವರೇ ಚಹಾದ ಲೋಟ ತಂದು ನನ್ನ ಮೇಜಿನ ಮೇಲಿಟ್ಟು, "ಮೊದ್ಲು ಸ್ವಲ್ಪ ದಾನಾದಲ್ಲಿ ಮಣ್ಣೆಲ್ಲಾ ಹಾಕಿ ಗಟ್ಟಿಯಾಗಿ ಅರೆಯೋಣ. ಆಮೇಲೆ ಆ ಗಟ್ಟಿ ಮಿಶ್ರಣಾನ ಬಾಕಿ ದಾನಾಗೆ ಬಿಡೋಣ. ಒಂದೇ ಸಲ ತೆಳ್ಳಗೆ ಕಲಸಿದ್ರೆ ಗಂಟು ಹೋಗಲ್ಲ" ಅಂದರು. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವನ್ನೂ ತೆಗೆದಿದ್ದೆ. ಕೆಲಸದ ಹೊತ್ತಿಗೆ ನೆನಪಾದದ್ದು ಚಾಚಾಗೆ. ಎಣ್ಣೆ ಬಿಟ್ಟೆವು, ಮಣ್ಣಿಗೂ ಪ್ಲಾಸ್ಟಿಕ್ಕಿಗೂ ಎರಡಕ್ಕೂ ಒಗ್ಗುವ ಇನ್ನೊಂದು ಬಗೆಯ ದಾನಾ ಸ್ವಲ್ಪ ಸೇರಿಸಿದೆವು, ಚಾಚಾ ಹೇಳಿದಂತೆ ಎರಡು ಸುತ್ತಿನಲ್ಲಿ ಅರೆದೆವು. ಹೀಗೆ ಮಾಡಿ ಕೆಡಿಸಿ, ಮಾಡಿ ಕೆಡಿಸಿ ದೀಪಾವಳಿ ಕಳೆಯಿತು, ಸಂಕ್ರಾಂತಿಯೂ ಕಳೆಯಿತು.

ಒಂದು ದಿನ ಮಣ್ಣಿಲ್ಲದ ಪಟ್ಟಿ, ಮಣ್ಣಿರುವ ಪಟ್ಟಿ, ಎರಡರ ತುದಿಗೂ ಒಂದೇ ತೂಕ ಕಟ್ಟಿ, ಇನ್ನೊಂದು ತುದಿ ಬಿಗಿದು ಬಿಸಿ ಪೆಟ್ಟಿಗೆಯಲ್ಲಿ ಅಡ್ಡ ಚಾಚಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಬರೀ ಪ್ಲಾಸ್ಟಿಕ್ಕಿನದು ನಾಲಿಗೆ ಚಾಚಿದ ಹಾಗೆ ಜೋತುಬಿದ್ದಿದೆ, ನಮ್ಮದು ನೆಟ್ಟಗೆ ನಿಂತಿದೆ. ಅಯ್ಯೋ, ಆ ಖುಷಿ! ಲ್ಯಾಬಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಆ ಪಟ್ಟಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಒಂದು ವಾರ ಕಂಡಕಂಡವರಿಗೆ ಬಗ್ಗಿಸಿ ತೋರಿಸಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ. ಅತ್ತಿಗೆಗೆ ಫೋನ್ ಮಾಡಿ, "ಯುಗಾದಿ ಆದ್ಮೇಲೆ ಹುಳ ಹಣ್ಣಾಗೋ ಹೊತ್ಗೆ ಹೊಸ ಚಂದ್ರಿಕೆ ನಿನ್ ಮನೆ ಮುಂದೆ ಇರ್ತವೆ. ಹಳೇವು ಯಾರಿಗಾದ್ರೂ ಕೊಟ್ಬಿಡು" ಅಂದೆ.

ಇದೊಂದು ಮಾತು ನಾನು ಆಡಬಾರದಿತ್ತು.

ಬೇಕಾದಷ್ಟು ದಾನಾವನ್ನು ಚಾಚಾ ಒಂದೇ ದಿನ ಮಾಡಿ ಮುಗಿಸಿದರು. ಹೊಸಕೋಟೆ ಕಡೆ ಚಂದ್ರಿಕೆಯ ಅಚ್ಚು ಇಟ್ಟುಕೊಂಡಿದ್ದ ಪರಿಚಯದವರೊಬ್ಬರು ಅದನ್ನು ಚಂದ್ರಿಕೆ ಮಾಡಿಕೊಟ್ಟರು. ಟೆಂಪೋ ತುಂಬಿಸಿಕೊಂಡು, ಮುಂದಿನ ಸೀಟಿನಲ್ಲಿ ಮಹಾರಾಣಿಯ ಹಾಗೆ ಕೂತು ಬೆಳಿಗ್ಗೆ ಎಂಟಕ್ಕೆ ಊರು ಸೇರಿದೆ. ಮಾರನೆಯ ದಿನ ಹುಳ ಏರಿಸಬೇಕು. ಅಲ್ಲೊಂದು ಇಲ್ಲೊಂದು ಆಗಲೇ ಹಣ್ಣಾಗಿತ್ತು. ಪೌಡರು ಹಚ್ಚಿರಲಿಲ್ಲ, ಹೂ ಮುಡಿದಿರಲಿಲ್ಲ, ಎಲ್ಲ ನಿಯಮ ಪಾಲಿಸಿಯೇ ಬಂದಿದ್ದೆ. ಎರಡು ಚಂದ್ರಿಕೆ ಎತ್ತಿಕೊಂಡು ಹುಳದ ಮನೆಯ ಬಾಗಿಲಿಗೆ ಹೋದರೆ ಅತ್ತಿಗೆ ಕೈ ಅಡ್ಡ ಹಿಡಿದಳು.

"ತಡಿ ತಡಿ. ಏನೇ ಇದು ನಾತ?"

"ಯಾವ ನಾತ?"

"ಮೀನಿಂದು. ಒಣ್ಗಿದ್ ಮೀನಲ್ಲ, ಕೊಳ್ತಿದ್ ಮೀನು."

"ನಿನ್ ತಲೆ. ಯಾವ ಮೀನೂ ಇಲ್ಲ. ಹೊಸಾ ಮಾಲು ಅತ್ಗೆ ಇದು, ಘಮಘಮ ಅನ್ನುತ್ತಾ? ಪ್ಲಾಸ್ಟಿಕ್ ವಾಸ್ನೆ ಇರುತ್ತೆ ಸ್ವಲ್ಪ."

ಟೆಂಪೋದವನು ಹಗ್ಗ ಬಿಚ್ಚುತ್ತಾ ಅಲ್ಲಿಂದಲೇ ಬಾಯಿ ಹಾಕಿದ. "ಇಲ್ಲಕ್ಕಾ, ನಾನೂ ದಾರಿ ಉದ್ದಕ್ಕೂ ಅದೇ ಅನ್ಕೊಂಡೆ. ಹೇಳಿದ್ರೆ ನೀವು ಬೇಜಾರ್ ಮಾಡ್ಕೋತೀರಾಂತ ಸುಮ್ನಿದ್ದೆ."

ನನಗೆ ಉರಿದುಹೋಯಿತು. ಆರು ತಿಂಗಳು ಮಣ್ಣು ಅರೆದಿದ್ದೇನೆ, ನೀವಿಬ್ಬರೂ ಸೇರಿ ಮೀನು ಅಂತೀರಲ್ಲ ಅಂತ ಬಾಯಿಗೆ ಬಂದ ಹಾಗೆ ಅಂದೆ. ಅತ್ತಿಗೆ ಮನೆಯೊಳಗೆ ಹೋಗಿ ಬಂದಳು. "ಕಣ್ ಮುಚ್ಚು," ಅಂದಳು. ಮುಚ್ಚಿದೆ. ಮೂಗಿನ ಹತ್ತಿರ ಏನೋ ಹಿಡಿದಳು. "ಏನಿದು, ಹೇಳು."

ಎಷ್ಟು ಎಳೆದರೂ ಏನೂ ತಿಳಿಯಲಿಲ್ಲ. ಕಣ್ಣು ಬಿಟ್ಟರೆ ಇಂಗಿನ ಡಬ್ಬಿ, ಮುಚ್ಚಳ ತೆಗೆದದ್ದು.

"ನನ್ ಮೂಗು ಸರಿಯಾಗೈತೆ ಕಣೇ. ನಿನ್ ಮೂಗೇ ಸತ್ತೋಗೈತೆ," ಅಂದಳು. ಬೈದಂತೆ ಇರಲಿಲ್ಲ, ಅದಕ್ಕೇ ಇನ್ನೂ ನೋವಾಯಿತು. ಇಪ್ಪತ್ತೆರಡು ವರ್ಷ ಕರಗಿದ ಪ್ಲಾಸ್ಟಿಕ್ಕಿನ ಹೊಗೆ ಕುಡಿದ ಮೂಗು. ಯಾವಾಗ ಹೋಯಿತೋ ನನಗೇ ಗೊತ್ತಿಲ್ಲ. ಚಾಚಾನ ಮೂಗೂ ಹಾಗೇ ಹೋಗಿರಬೇಕು. ಕಾರ್ಖಾನೆಯಲ್ಲಿ ಗಡಸುತನ ಅಳೆಯಲು ಯಂತ್ರ ಇದೆ, ಬಾಗುವುದು ಅಳೆಯಲು ಯಂತ್ರ ಇದೆ, ಇದನ್ನು ಯಾರೂ ಅಳೆದಿರಲಿಲ್ಲ.

ಆದರೂ ಸೋಲು ಒಪ್ಪಲು ಮನಸ್ಸು ಬರಲಿಲ್ಲ. ಒಂದು ಸಲ ಹುಳ ಬಿಟ್ಟು ನೋಡು ಅಂತ ಕಾಡಿದೆ. ಅತ್ತಿಗೆ ಬೇಗ ಹಣ್ಣಾಗಿದ್ದ ಹತ್ತು ಹುಳ ಆರಿಸಿ, ಹೊರಗೆ ಜಗಲಿಯ ನೆರಳಲ್ಲಿ ಒಂದು ಚಂದ್ರಿಕೆಯ ನಡುವೆ ಬಿಟ್ಟಳು. ಅವು ತಲೆ ಎತ್ತಿದವು. ಅತ್ತ ಇತ್ತ ಆಡಿಸಿದವು. ಆಮೇಲೆ ಒಂದೊಂದಾಗಿ ಅಂಚಿಗೆ ಸರಿದು ಕೆಳಗೆ ಇಳಿಯತೊಡಗಿದವು. ಮಡಿಕೆಯ ಸಂದಿನಲ್ಲಿ ಒಂದೂ ಕೂರಲಿಲ್ಲ.

"ಹಳೇವು ಎಲ್ಲಿ ಅತ್ಗೆ?" ಅಂದೆ.

"ನೀನೇ ತಾನೇ ಕೊಟ್ಬಿಡು ಅಂದಿದ್ದು? ಎದುರು ಮನೆಯೋರ್ಗೆ ಕೊಟ್ಟೆ. ಅವ್ರ ಹುಳಾನೂ ಹಣ್ಣಾಗಿ ಇವತ್ತು ಬೆಳಿಗ್ಗೆನೇ ಹತ್ತಿಸ್ಬಿಟ್ರು."

ಈ ಬೆಳೆ ಹೋದರೆ ಅತ್ತಿಗೆ ಇನ್ನು ಹುಳ ಸಾಕುವುದಿಲ್ಲ. ಅವಳ ಕೈಯಿಂದ ಅದನ್ನು ಕಿತ್ತುಕೊಂಡದ್ದು ಬಿಸಿಲೂ ಅಲ್ಲ, ಭುಜವೂ ಅಲ್ಲ, ನನ್ನ ಬಡಾಯಿ. ಯಾರನ್ನಾದರೂ ಬೈಯಲೇಬೇಕಿತ್ತು, ಚಾಚಾಗೆ ಫೋನ್ ಹಚ್ಚಿದೆ.

"ಚಾಚಾ, ದೊಡ್ಡ ಲಾಟು ಮಾಡಿದ ದಿನ ಶಾಖ ಎಷ್ಟಿತ್ತು?"

"ಸ್ವಲ್ಪ ಏರ್ಸಿದ್ದೆ ಬೇಟಿ. ಅಲ್ಲೊಂದು ಇಲ್ಲೊಂದು ಗಂಟು ಕಾಣ್ತಿತ್ತು, ಕರಗ್ಲಿ ಅಂತ."

"ಮಣ್ಣು ಎಲ್ಲಾದ್ರೂ ಕರಗುತ್ತಾ ಚಾಚಾ? ಮಣ್ಣು!"

"ಹಾಳೆ ಮೇಲೆ ಬರ್ದಿದ್ನಲ್ಲ ಬೇಟಿ, ಎಷ್ಟು ಶಾಖ ಅಂತ. ನೀನೇ ಸೈನ್ ಹಾಕಿದ್ದೀಯ."

ಹಾಕಿದ್ದೆ. ಅಂದು ಮಧ್ಯಾಹ್ನ ಆ ನೆಟ್ಟಗಿನ ಪಟ್ಟಿಯನ್ನು ಯಾರಿಗೋ ತೋರಿಸುವ ಗಡಿಬಿಡಿಯಲ್ಲಿ ಹಾಳೆ ನೋಡದೇ ಗೀಚಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. "ತಪ್ಪು ನಂದೇ ಚಾಚಾ," ಅಂತ ಫೋನ್ ಇಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ಆ ಮಾತು ಹೇಳಿದ್ದು ಅದೇ ಮೊದಲು.

ಸಿಟ್ಟು ಇಳಿದ ಮೇಲೆ ತಲೆ ಓಡಿತು. ಮಣ್ಣಿನ ಹಾಳೆಗೆ ಸವರಿದ ಆ ಪದಾರ್ಥ ಶಾಖ ಹೆಚ್ಚಾದರೆ ಒಡೆಯುತ್ತದೆ, ಒಡೆದರೆ ಅಮೀನ್ ಅನ್ನುವ ಜಾತಿಯ ವಸ್ತು ಹುಟ್ಟುತ್ತದೆ. ಕೊಳೆತ ಮೀನಿನಲ್ಲಿ ನಾರುವುದೂ ಅದೇ ಜಾತಿ. ಅತ್ತಿಗೆಯ ಮೂಗು ಅಕ್ಷರಶಃ ಸರಿಯಾಗಿಯೇ ಹೇಳಿತ್ತು! ಅಮೀನು ಕ್ಷಾರ. ಹುಳಿ ಬಿದ್ದರೆ ಅದು ಉಪ್ಪಾಗುತ್ತದೆ. ಉಪ್ಪಾದರೆ ನಾರುವುದಿಲ್ಲ, ನೀರಲ್ಲಿ ತೊಳೆದುಹೋಗುತ್ತದೆ.

"ಅತ್ಗೆ, ವಿನಿಗರ್ ಬೇಕು. ಕ್ಯಾನ್‌ಗಟ್ಲೆ ಬೇಕು."

"ಈಗ ಎಲ್ಲಿಂದ ತರ್ಲೇ? ಯಾಕೆ?"

"ಹುಳಿ ಬೇಕು. ಯಾವ್ದಾದ್ರೂ ಹುಳಿ."

ಅತ್ತಿಗೆ ನನ್ನ ಮುಖ ನೋಡಿದಳು. "ಮೀನ್ ತೊಳ್ಯಕ್ಕಾ? ಅದನ್ ಮೊದ್ಲೇ ಹೇಳಾದಲ್ವಾ," ಅಂದವಳೇ ಒಳಗಿಂದ ಒಂದು ದೊಡ್ಡ ಮಣ್ಣಿನ ಮಡಕೆ ಉರುಳಿಸಿಕೊಂಡು ಬಂದಳು. ವರ್ಷಕ್ಕಾಗುವ ಹುಣಸೆಹಣ್ಣು, ಬೀಜ ತೆಗೆದು ಉಪ್ಪು ಹಾಕಿ ಉಂಡೆ ಕಟ್ಟಿಟ್ಟದ್ದು. ಒಂದು ಉಂಡೆ ಕೂಡ ಉಳಿಸಲಿಲ್ಲ. ಅಣ್ಣ ಬಂದು ನೋಡಿ, "ಇನ್ನೊಂದ್ ವರ್ಷ ಸಾರಿಗೇನ್ ಮಾಡ್ತೀಯ?" ಅಂದ. "ಟಮೋಟ ಹಾಕ್ತೀನಿ, ನಡೀರಿ, ಮೋಟ್ರು ಹಾಕಿ," ಅಂದಳು.

ದನಕ್ಕೆ ನೀರು ಬಿಡುವ ತೊಟ್ಟಿಯಲ್ಲಿ ಹುಣಸೆಹಣ್ಣು ಕಿವುಚಿ ಚಂದ್ರಿಕೆಗಳನ್ನು ಮುಳುಗಿಸಿದೆವು. ನಾನು ಉಜ್ಜುವುದು, ಅಣ್ಣ ಪೈಪಿನಲ್ಲಿ ನೀರು ಬಿಡುವುದು, ಅತ್ತಿಗೆ ಮೂಸುವುದು. ಟೆಂಪೋದವನೂ ಪ್ಯಾಂಟು ಮಡಚಿ ಇಳಿದ, ಬೇಡ ಅಂದರೂ ಕೇಳಲಿಲ್ಲ. ಒಂದೊಂದು ಚಂದ್ರಿಕೆಯನ್ನೂ ಅತ್ತಿಗೆ ಮೂಗಿಗೆ ಹಿಡಿದು "ಇನ್ನೊಂದ್ ಕಿತ" ಅನ್ನುವಳು, ಮತ್ತೆ ತೊಟ್ಟಿಗೆ. ಕೆಲವು ಮೂರು ಸಲ ಮುಳುಗಿದವು. ಮೊದಲಾಗಿದ್ದರೆ ನಾನು ವಾದಕ್ಕೆ ನಿಲ್ಲುತ್ತಿದ್ದೆ, ಅಂದು ಬಾಯಿ ಮುಚ್ಚಿಕೊಂಡು ಉಜ್ಜಿದೆ. ಮಧ್ಯಾಹ್ನದ ಹೊತ್ತಿಗೆ ತೋಟದ ಬೇಲಿ, ಹುಲ್ಲಿನ ಮೆದೆ, ಅಣ್ಣನ ಬೈಕು, ಎಲ್ಲದರ ಮೇಲೂ ಚಂದ್ರಿಕೆ ಒಣಗುತ್ತಿದ್ದವು. ಚೈತ್ರದ ಬಿಸಿಲು. ಒಂದೂ ಬಾಗಲಿಲ್ಲ. ಅದನ್ನು ನೋಡಿ ನನಗೊಬ್ಬಳಿಗೇ ಒಳಗೊಳಗೇ ಸಮಾಧಾನ.

ಮಾರನೆಯ ಬೆಳಿಗ್ಗೆ ನಾನು ಬಾಗಿಲಾಚೆಯೇ ನಿಂತೆ, ಒಳಗೆ ಹೋಗಲು ಧೈರ್ಯ ಬರಲಿಲ್ಲ. ಅತ್ತಿಗೆ ಒಂದು ಹಿಡಿ ಹುಳ ಬಿಟ್ಟು ಮಂಡಿಯೂರಿ ಕೂತಳು. ತುಂಬ ಹೊತ್ತು ಅಲುಗಾಡಲಿಲ್ಲ. ಹುಳ ಏರಿತೋ ಇಳಿಯಿತೋ ನನಗೆ ಕಾಣುತ್ತಿರಲಿಲ್ಲ, ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಕೊನೆಗೆ ತಿರುಗಿ ನೋಡದೇ ಕೈಸನ್ನೆ ಮಾಡಿ ಕರೆದಳು. ಹೋಗಿ ಬಗ್ಗಿದೆ. ಒಂದು ಹುಳ ಮಡಿಕೆಯ ಮೂಲೆಗೆ ಬೆನ್ನು ಕೊಟ್ಟು ಕೂತು, ತಲೆ ಆಡಿಸುತ್ತಾ ಮೊದಲ ಎಳೆ ಅಂಟಿಸುತ್ತಿತ್ತು. ಪಕ್ಕದ ಸಂದಿನಲ್ಲಿ ಇನ್ನೊಂದು.

"ಹೂಂ, ಬಿಡಾಣ," ಅಂದಳು ಅತ್ತಿಗೆ. ನನಗೆ ಕಣ್ಣು ತುಂಬಿ ಬಂತು.

ಆ ವಾರ ಕಾರ್ಖಾನೆಯಲ್ಲಿ ನನ್ನ ಮನಸ್ಸು ನಿಲ್ಲಲಿಲ್ಲ. ಚಾಚಾ ಮತ್ತು ನಾನು ಶಾಖ ಇಳಿಸಿ, ಅರೆಯುವ ಸುತ್ತು ಹೆಚ್ಚಿಸಿ ಹೊಸದಾಗಿ ಒಂದಷ್ಟು ದಾನಾ ಮಾಡಿದೆವು. ಈ ಸಲ ಅದನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಗೇಟಿನ ಹತ್ತಿರ ಹೂ ಮಾರುವ ಹೆಂಗಸಿನ ಮೂಗಿಗೆ ಹಿಡಿದೆವು. ಏನೂ ವಾಸನೆಯಿಲ್ಲ ಅಂದಳು. ಚಾಚಾ ಅವಳಿಂದ ಎರಡು ಮೊಳ ಕನಕಾಂಬರ ಕೊಂಡು ತಮ್ಮ ಹೆಂಡತಿಗೆ ತೆಗೆದುಕೊಂಡು ಹೋದರು.

ಗೂಡು ಬಿಡಿಸುವ ದಿನ ರಜೆ ಹಾಕಿ ಊರಿಗೆ ಹೋದೆ. ಹುಳದ ಮನೆಯ ಮುಂದೆ ಚಾಪೆ ಹಾಸಿ ಗೂಡು ರಾಶಿ ಹಾಕಿದ್ದರು. ಬೆಳ್ಳಗೆ, ಕಲೆಯಿಲ್ಲದೆ. ಆರಿಸಿ ತೆಗೆದ ಜೋಡಿ ಗೂಡು ಅಂದರೆ ಅತ್ತಿಗೆಯ ಮಡಿಲಲ್ಲಿದ್ದ ಒಂದು ಹಿಡಿ, ಅಷ್ಟೇ. ಅವಳು ನನಗೆ ಶಹಭಾಸ್ ಅನ್ನಲಿಲ್ಲ. "ಕೂತ್ಕೋ, ಬಿಡ್ಸು, ಕೈ ಖಾಲಿ ಇಟ್ಕಬೇಡ" ಅಂದಳು. ಅಣ್ಣ, ಅತ್ತಿಗೆ, ನಾನು ಮೂವರೂ ಕೂತು ಗೂಡು ಬಿಡಿಸಿದೆವು.

ಅರ್ಧ ಕೆಲಸ ಆದಾಗ ಅತ್ತಿಗೆ ಫೋನ್ ತೆಗೆದು ಚಾಕಿ ಕೇಂದ್ರದವರಿಗೆ ಹಚ್ಚಿದಳು. ಮೊಟ್ಟೆಯೊಡೆದ ಎಳೆಹುಳ ಬೆಳೆಸಿಕೊಡುವವರು ಅವರು. ಸ್ಪೀಕರ್ ಹಾಕಿ ಚಾಪೆಯ ಮೇಲಿಟ್ಟು, ಗೂಡು ಬಿಡಿಸುತ್ತಲೇ, "ನಾನೇ ಕಣಪ್ಪಾ. ಮುಂದಿನ್ ಬೆಳೆಗೆ ಹುಳ ಬೇಕು. ಹೋದ್ ಸಲದ್ಕಿಂತ ಜಾಸ್ತಿನೇ ಬರ್ಕೋ" ಅಂದಳು.

"ಅಕ್ಕಾ, ನೀವು ಇನ್ಮೇಲೆ ಸಾಕಲ್ಲ ಅಂದಿದ್ರಲ್ಲ?" ಅಂದ ಆ ಹುಡುಗ.

"ಯಾರ್ ಹೇಳಿದ್ದು?"

"ಅಣ್ಣನೋರೇ ಬಂದು ಹೇಳಿ ಹೋದ್ರು. ಹದಿನೈದು ದಿನ ಆಯ್ತು, ಪಟ್ಟೀಲಿ ಅವ್ರ ಹೆಸ್ರಿತ್ತಲ್ಲ, ತೆಗ್ದಾಕಿದ್ದೀವಿ."

ಅತ್ತಿಗೆಯ ಕೈ ನಿಂತಿತು. ಅಣ್ಣ ತಲೆ ಎತ್ತಲಿಲ್ಲ, ಒಂದು ಗೂಡನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಹದಿನೈದು ದಿನ ಅಂದರೆ ನನ್ನ ಟೆಂಪೋ ಬರುವುದಕ್ಕೂ ಮೊದಲು. ನನಗೆ ಸಿಟ್ಟು ನೆತ್ತಿಗೇರಿತು, ಅವನನ್ನು ಹಿಡಿದು ಝಾಡಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಮಾತಾಡಿದ, ನನಗಲ್ಲ, ಅವಳಿಗೆ.

"ಬೆಳಿಗ್ಗೆ ಎದ್ದು ಗ್ವಾಡೆ ಕಡೆ ತಿರುಕ್ಕಂಡು ಅಳ್ತಿದ್ದೆ ನೀನು, ಭುಜ ಹಿಡ್ಕಂಡು. ನಂಗೊತ್ತಿಲ್ಲ ಅಂತ ನೀನ್ ಅಂದ್ಕಂಡಿದ್ದೆ. ನಂಗೆ ನೋಡಕ್ಕಾಗ್ತಿರ್ಲಿಲ್ಲ."

ನಮ್ಮಣ್ಣ ಹೆಂಡತಿಯ ಬಗ್ಗೆ ಇಷ್ಟು ಉದ್ದದ ಮಾತು ಆಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡೆ. ಫೋನಿನಲ್ಲಿ ಆ ಹುಡುಗ "ಹಲೋ, ಅಕ್ಕಾ, ಹಲೋ" ಅನ್ನುತ್ತಲೇ ಇದ್ದ.

ಅತ್ತಿಗೆ ಮಡಿಲಿನ ಗೂಡುಗಳನ್ನು ಚಾಪೆಗೆ ಸುರಿದು ಎದ್ದಳು. ಗೂಡು ಬಿಡಿಸಿ ಒರಗಿಸಿದ್ದ ಒಂದು ಚಂದ್ರಿಕೆಯನ್ನು ಬಲಗೈಯಲ್ಲಿ ಹಿಡಿದಳು. ನಿಧಾನವಾಗಿ ಮಂಡಿಗೆ, ಸೊಂಟಕ್ಕೆ, ಎದೆಗೆ ತಂದಳು. ಕಿವಿಯ ಹತ್ತಿರ ಬಂದಾಗ ಒಂದು ಗಳಿಗೆ ನಿಂತು, ಹಲ್ಲು ಕಚ್ಚಿ, ಇನ್ನೂ ಮೇಲಕ್ಕೆ ಎತ್ತಿ ಬಾಗಿಲ ಪಕ್ಕದ ಅಟ್ಟಣಿಗೆಯ ಮೇಲಿನ ಸಾಲಿಗೆ ಏರಿಸಿದಳು. ಆಮೇಲೆ ಕೈಯನ್ನು ಕೆಳಗಿಳಿಸದೆ ಹಾಗೇ ಮೇಲೆ ಹಿಡಿದುಕೊಂಡು ಅಣ್ಣನ ಕಡೆ ತಿರುಗಿದಳು.

"ಈಗ ನೋಡಿ," ಅಂದಳು.

ಅಣ್ಣ ನೋಡಿದ. ಆಮೇಲೆ ಚಾಪೆಯ ಮೇಲಿದ್ದ ಫೋನನ್ನು ಬಾಯಿ ಹತ್ತಿರ ತಂದುಕೊಂಡು, "ಲೇ ಅಪ್ಪಯ್ಯ, ಹೆಸ್ರು ವಾಪಸ್ ಬರ್ಕೋ," ಅಂದ. "ನಂದಲ್ಲ, ಅವ್ಳದು."